ಮಾಳಿಗೆ ಮೇಲಿನ ಬಿಸಿಲೊಲೆ

ಮೋಡ ಜಾಸ್ತಿ, ಅದಕ್ಕೇ ಬಿಸಿಲೊಲೆ ನಡೆಯಲಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ರಾಯಚೂರು ಸೀಮೆಯಲ್ಲಿ ಮೋಡವಂತೆ! ಬಿಸಿಲೊಲೆ ಕೆಡಿಸಿದ್ದು ಮೋಡವಲ್ಲ, ನನ್ನ ಅಕ್ಕ ಬಂಡೆಮ್ಮನ ಅತ್ತೆ ಮಾರೆಮ್ಮ.

ಅಕ್ಕನನ್ನು ದೇವದುರ್ಗದ ಕಡೆಯ ಅರಕೇರಾಕ್ಕೆ ಕೊಟ್ಟಿದ್ದರು. ಕುರಿ ಸಾಕುವ ಮನೆ, ಹತ್ತಿಕಟ್ಟಿಗೆಯ ಒಲೆ, ಕಿಟಕಿಯಿಲ್ಲದ ಅಡುಗೆಮನೆ. ಸಾವಿರದ ಒಂಬೈನೂರ ಎಂಬತ್ಮೂರರ ಹೊತ್ತಿಗೆ ಅವಳ ಎಡಗಣ್ಣು ಪೂರ್ತಿ ಹೋಗಿತ್ತು. ರಾಯಚೂರಿನ ಕಣ್ಣಿನ ಡಾಕ್ಟರು ಭಾವ ದುರುಗಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು, "ಇನ್ನೊಂದು ಕಣ್ಣರ ಉಳೀಬೇಕಂದ್ರ ಈಕಿನ್ನ ಹೊಗಿಯೊಳಗ ಕೂಡಸಬ್ಯಾಡ" ಎಂದರು. ನಾನು ಪಕ್ಕದಲ್ಲೇ ಇದ್ದೆ. ಭಾವ ಆಗಲೆಂದು ತಲೆ ಆಡಿಸಿದ.

ಅದೇ ವರ್ಷ ಸರ್ಕಾರದವರು ಪ್ರಯೋಗಕ್ಕೆಂದು ಅವರ ಮನೆಗೊಂದು ಬಿಸಿಲೊಲೆ ಕೊಟ್ಟರು. ಒಳಗೆಲ್ಲ ಕಪ್ಪು ಬಳಿದ ಪೆಟ್ಟಿಗೆ, ಮೇಲೆ ಗಾಜು, ಮುಚ್ಚಳದಲ್ಲಿ ಕನ್ನಡಿ. ಮಾಳಿಗೆಯ ಮೇಲಿಟ್ಟು ಕನ್ನಡಿಯನ್ನು ಸೂರ್ಯನಿಗೆ ತಿರುಗಿಸಿದರೆ ಸಾಕು. ಮಾನ್ವಿಯಿಂದ ನಾನು ಅದನ್ನು ನೋಡಲೆಂದೇ ಹೋದೆ. ಮಧ್ಯಾಹ್ನಕ್ಕೆ ಅಕ್ಕ ಗಾಜು ಸರಿಸಿದಳು, ಬೇಳೆ ಹಣ್ಣಾಗಿ ಬೆಂದಿತ್ತು. "ನೋಡ್ಬೇ, ಊದೂದಿಲ್ಲ, ಕೆಮ್ಮೂದಿಲ್ಲ!" ಎಂದು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ.

ಆದರೆ ಜೋಳದ ರೊಟ್ಟಿ ಪೆಟ್ಟಿಗೆಯಲ್ಲಿ ಆಗುವುದಿಲ್ಲ. ಅಕ್ಕ ಕೈ ಮುಗಿದು ಕೇಳಿದಳು: "ಅತ್ತಿ, ರೊಟ್ಟಿ ಒಂದು ನೀವು ಬಡೀರಿ. ಉಳಿದದ್ದೆಲ್ಲಾ ನಾ ಮ್ಯಾಲ ಇಡ್ತೀನಿ."

ಸೊಸೆ ಇರುವಾಗ ತಾನು ಒಲೆ ಮುಂದೆ ಕೂರುವುದೇ? ಮಾರೆಮ್ಮ ಆ ಮಾತನ್ನು ಬಾಯಿಬಿಟ್ಟು ಆಡಲಿಲ್ಲ, ಬೇರೆ ದಾರಿ ಹಿಡಿದಳು. ಹೊಲಕ್ಕೆ ಬುತ್ತಿ ಒಯ್ಯುವಾಗಲೂ ಯಾರ ಕಣ್ಣೂ ಬೀಳದಂತೆ ಬಟ್ಟೆ ಮುಚ್ಚುವ ಮನೆ ಅದು. ಅಲ್ಲಿ ಮಾಳಿಗೆಗೆ ಮಾಳಿಗೆ ಅಂಟಿಕೊಂಡಿದೆ, ಮಂದಿ ಅದರ ಮೇಲೇ ಓಡಾಡುತ್ತಾರೆ. "ನಮ್ಮ ಮನ್ಯಾಗ ಏನು ಬೇಯಾಕತ್ತದ ಅಂತ ಊರಿಗೆಲ್ಲಾ ತೋರಸ್ತೀ ಏನ? ದೃಷ್ಟಿ ತಾಗ್ತದ!" ಎಂದು ಗಾಜಿನ ಮೇಲೆ ಕರಿ ಕಂಬಳಿ ಹೊದಿಸಿಬಿಟ್ಟಳು.

ಬಿಸಿಲಿನ ಒಲೆಗೆ ಕಂಬಳಿ! ಅಕ್ಕ ತೆಗೆಯುವಳು. ಅವಳು ನೀರಿಗೆ ಹೋಗಿ ಬರುವಷ್ಟರಲ್ಲಿ ಕಂಬಳಿ ಮತ್ತೆ ಮೇಲೇರಿರುತ್ತಿತ್ತು. ಊಟಕ್ಕೆ ಕೂತಾಗ ಮಾರೆಮ್ಮ ಅರೆಬೆಂದ ಬೇಳೆಯನ್ನು ಥೂ ಎಂದು ಉಗಿದು, "ಇದನ್ನ ಮನಷ್ಯಾರು ತಿಂತಾರೇನ?" ಎನ್ನುವಳು. ಕಂಬಳಿ ಭಾವನ ಕಣ್ಣೆದುರಿಗೇ ಇತ್ತು. "ಅವ್ವಗ ನಾ ಏನಂತ ಹೇಳ್ಲಿ?" ಎಂದು ನನ್ನನ್ನೇ ಕೇಳಿದ ಆ ಪುಣ್ಯಾತ್ಮ. ತಾಯಿಯ ಮುಂದೆ ಬಾಯಿಗೆ ಕಡುಬು ತುರುಕಿಕೊಂಡವನ ಹತ್ತಿರ ಏನು ಮಾತು?

ಶ್ರಾವಣದಲ್ಲಿ ಮೋಡ ಕವಿದ ದಿನ ಅದರಲ್ಲಿ ಬೇಯುತ್ತಿರಲಿಲ್ಲ, ಅದೂ ನಿಜ. ಅಂಥ ದಿನ ಒಲೆ ಹಚ್ಚಿದರಾಯಿತು. ವರ್ಷದ ಉಳಿದ ದಿನವೆಲ್ಲ ಅವಳ ಕಣ್ಣು ಉಳಿಯುತ್ತಿತ್ತಲ್ಲ! ಆದರೆ ಮಾರೆಮ್ಮನಿಗೆ ಅಷ್ಟು ಮೋಡವೇ ಸಾಕಾಯಿತು. "ಹೇಳಿದ್ದಿಲ್ಲೇನು?" ಎಂದು ಪೆಟ್ಟಿಗೆಯನ್ನು ಮೂಲೆಗೆ ತಳ್ಳಿಸಿದಳು. ಅದರಲ್ಲಿ ಕೋಳಿ ಮೊಟ್ಟೆಯಿಟ್ಟವು. ಅಕ್ಕ ಮತ್ತೆ ಒಲೆ ಮುಂದೆ ಕೂತು ಊದಿದಳು. ಎರಡು ವರ್ಷದಲ್ಲಿ ಬಲಗಣ್ಣೂ ಹೋಯಿತು. ಆಮೇಲೆ ರೊಟ್ಟಿ ಬಡಿಯಲು ಮಾರೆಮ್ಮನೇ ಕೂರಬೇಕಾಯಿತು. ಕೂರಲಿ! ಅದರಿಂದ ಅಕ್ಕನ ಕಣ್ಣೇನು ತಿರುಗಿ ಬಂತೇ?

ಅಕ್ಕನ ಬಲಗಣ್ಣೂ ಹೋದ ಮೇಲಿನ ಬೇಸಿಗೆಯಲ್ಲಿ ಸರ್ಕಾರದವರು ಬಿಸಿಲೊಲೆಯಿಂದ ಲಾಭವಾಯಿತೇ ಎಂದು ವಿಚಾರಿಸಲು ಬಂದರು. ನಾನೂ ಅಲ್ಲಿದ್ದೆ. ಸಾಹೇಬರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಭಾವ ಕೈಕಟ್ಟಿ ನಿಂತು, "ಏನೂ ಉಪಯೋಗ ಆಗಲಿಲ್ರಿ ಸಾಹೇಬ್ರ. ನಮ್ ಕಡಿ ಮೋಡ ಭಾಳ" ಎಂದ.

ಅಕ್ಕ ಬಾಗಿಲ ಚೌಕಟ್ಟು ಹಿಡಿದು ಮುಖವನ್ನು ಮೇಲೆತ್ತಿದಳು. ಉರಿಬಿಸಿಲು ನೇರ ಅವಳ ಮುಖದ ಮೇಲೆ ಬಿದ್ದಿತ್ತು.

"ಎಲ್ಲದ ಮೋಡ?" ಎಂದಳು. "ನನಗ ಕಾಣವಲ್ದು. ನೀವರ ನೋಡಿ ಹೇಳ್ರಿ."