ಗಣಿಯೊಳಗೆ ಅಮ್ಮ ಕೂಗಿದ ಹೆಸರು

ಹಳೆಯ ಚಿನ್ನದ ಗಣಿಯೊಳಗೆ ಇಳಿಯುತ್ತೇವೆಂದು ಬೆಳಗಿನಿಂದಲೇ ನಾನು ಕುಣಿಯುತ್ತಿದ್ದೆ. ಮೈಸೂರಿನಿಂದ ಅಪ್ಪ-ಅಮ್ಮನನ್ನೂ ಹೊರಡಿಸಿಕೊಂಡು ಬಂದಿದ್ದೆ. ನಮ್ಮ ಗುಂಪಿನಲ್ಲಿ ಇನ್ನೂ ನಾಲ್ಕೈದು ಗಂಡ-ಹೆಂಡತಿ ಜೋಡಿಗಳಿದ್ದವು. ಸುರಂಗದ ನಡುವೆ ಗೈಡ್, "ನಿಜವಾದ ಕತ್ತಲೆ ಹೇಗಿರುತ್ತೆ ನೋಡಿ" ಎಂದು ದೀಪಗಳನ್ನೆಲ್ಲ ಆರಿಸಿದ. ನನ್ನ ಕೈ ನನಗೇ ಕಾಣಲಿಲ್ಲ. ನನಗೆ ರೋಮಾಂಚನವಾದರೆ ಅಮ್ಮನಿಗೆ ದಿಗಿಲಾಯಿತು.

"ರೀ, ಎಲ್ಲಿದ್ದೀರಾ?" ಎಂದಳು.

"ಇಲ್ಲೇ ಇದ್ದೀನಿ ಕಣೇ" ಎಂದು ಅಪ್ಪನೂ ಸೇರಿ ನಾಲ್ಕೈದು ಗಂಡಸರು ಒಟ್ಟಿಗೇ ಉತ್ತರ ಕೊಟ್ಟರು.

ಮದುವೆಯಾದಾಗಿನಿಂದ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಅಮ್ಮ, ಗಣಿಯೆಲ್ಲ ಮೊಳಗುವಂತೆ ಕೂಗಿದಳು: "ನಂಜುಂಡಸ್ವಾಮೀ!"

ದೀಪ ಹತ್ತಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಪಕ್ಕದಲ್ಲೇ ನಿಂತಿದ್ದ ಅಪ್ಪನ ಮುಖ ಅರಳಿತ್ತು.

"ಮುಂದೆ ಹೋಗೋಣ್ವಾ?" ಎಂದ ಗೈಡ್.

"ತಡೀರಿ ಸ್ವಾಮಿ" ಎಂದರು ಅಪ್ಪ. "ಇನ್ನೊಂದ್ಸಲ ದೀಪ ಆರಿಸ್ಬುಡಿ."