ಸುರಂಗದೊಳಗೆ ಕೇಳಿಸಿದ ಅಡಿಗೆಮನೆ

ಕತ್ತಲಲ್ಲಿ ಯಾರೋ ಕರೆದರು, ಯಾರದೋ ದನಿ ಕೇಳಿಸಿತು ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಚಿನ್ನದ ಗಣಿಯಲ್ಲಿ ಅಂಥ ಕಥೆಗಳಿಗೆ ಕೊರತೆಯಿರಲಿಲ್ಲ. ನಮ್ಮನ್ನು ಇಳಿಸಿ ಹತ್ತಿಸುವ ಕಬ್ಬಿಣದ ಕೇಜಿನಲ್ಲಿ ಕೆಳಗೆ ಹೋಗುವಾಗ ಒಬ್ಬ ಒಂದು ಹೇಳಿದರೆ, ಮೇಲೆ ಬರುವಾಗ ಇನ್ನೊಬ್ಬ ಇನ್ನೊಂದು ಹೇಳುತ್ತಿದ್ದ. ಹೊಟ್ಟೆ ಹಸಿದಾಗ ಕಿವಿ ಗುಂಯ್ ಅನ್ನುತ್ತದೆ, ಅಷ್ಟೇ ಅಂತ ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ಆಗ ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬಂಗಾರಪೇಟೆಯವನು. ಮದುವೆಯಾದ ಮೇಲೆ ಊರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯೊಂದರಲ್ಲಿ ನಾನೂ ನನ್ನ ಹೆಂಡತಿ ಸಾರಮ್ಮನೂ ಸಂಸಾರ ಹೂಡಿದ್ದೆವು. ಸುರಂಗದ ಸೂರು ಕುಸಿಯದ ಹಾಗೆ ಮರದ ದಿಮ್ಮಿ ನಿಲ್ಲಿಸುವುದು ನನ್ನ ಕೆಲಸ. ಇಳಿಯುವುದು, ದುಡಿಯುವುದು, ಹತ್ತುವುದು, ಉಂಡು ಮಲಗುವುದು. ಇದಕ್ಕೆಲ್ಲ ಏನಾದರೂ ಅರ್ಥ ಇದೆಯೇ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ದೇವರು ಬಡವರ ಮನೆಗೆ ಬಂದು ಅವರ ನಡುವೆ ಬಾಳಿದ ಎಂದು ಪಾದ್ರಿಗಳು ಪ್ರತಿ ಕ್ರಿಸ್‌ಮಸ್‌ಗೂ ಹೇಳುತ್ತಿದ್ದರು. ನಾನು ತಲೆದೂಗಿ ಕೇಳುತ್ತಿದ್ದೆ. ಆದರೆ ಆ ಮಾತು ನಾವು ಗುಡಿ ಎನ್ನುವ ಚರ್ಚಿನ ಬಾಗಿಲು ದಾಟಿ ನನ್ನ ಜೊತೆ ಮನೆಗೆ ಬರುತ್ತಿರಲಿಲ್ಲ.

ಅದು ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ. ಕಜ್ಜಾಯದ ಹಿಟ್ಟು ಪಾತ್ರೆಯಲ್ಲಿ ಸಿದ್ಧವಾಗಿತ್ತು. ಮಧ್ಯಾಹ್ನದ ಮೇಲೆ ಕರಿಯುತ್ತೇನೆ ಎಂದು ಸಾರಮ್ಮ ಹೇಳಿದ್ದಳು. ನಾನು ಬೆಳಗಿನ ಪಾಳಿಗೆ ಹೋದೆ. ಆವತ್ತು ನನ್ನ ಜೊತೆಗಾರ ಮುನಿಯಪ್ಪ. ಕಾಮಸಮುದ್ರದ ಕಡೆಯವನು, ನನಗಿಂತ ಹಿರಿಯ, ಮಾತು ಕಮ್ಮಿ. ಹಳೆಯ ಅಡ್ಡ ಸುರಂಗವೊಂದರ ದಿಮ್ಮಿಗಳನ್ನು ನೋಡಿ ಬರಲು ನಮ್ಮಿಬ್ಬರನ್ನೂ ಕಳಿಸಿದ್ದರು.

ಕೆಲಸ ಮುಗಿಯುತ್ತಾ ಬಂದಿತ್ತು. ನೆಲ ಒಮ್ಮೆ ಅದುರಿತು. ಗಣಿಯ ಆಳದಲ್ಲಿ ಬಂಡೆ ತಾನಾಗಿಯೇ ಸಿಡಿಯುವುದುಂಟು. ಹಾಗೆ ಸಿಡಿದಾಗ ನುಗ್ಗಿದ ಗಾಳಿಯ ಹೊಡೆತಕ್ಕೆ ಇಬ್ಬರ ದೀಪವೂ ಆರಿತು. ಧೂಳು ಬಾಯಿ ಮೂಗು ತುಂಬಿತು. ಬೆಂಕಿಪೆಟ್ಟಿಗೆ ಬೆವರಿಗೆ ನೆಂದು ಹೋಗಿತ್ತು. ಬಂದ ದಾರಿಯತ್ತ ಕೈ ಚಾಚಿದರೆ ಬರೀ ಕಲ್ಲು. ಮುನಿಯಪ್ಪ ನನ್ನ ತೋಳು ಹಿಡಿದು ಕೂರಿಸಿದ.

"ಕುಂತ್ಕೊ ಕಣ್ಲಾ, ಅಲ್ಲಾಡ್‌ಬ್ಯಾಡ. ಯಾರಾನ ಬತ್ತಾರೆ."

ಅವನು ಹೇಳಿದ್ದೇ ಸರಿ. ಅಂಥ ಹೊತ್ತಿನಲ್ಲಿ ಕತ್ತಲಲ್ಲಿ ಓಡಾಡಿದವರು ಉಳಿದದ್ದು ಕಡಿಮೆ. ಕೂತೆ. ಪ್ರಾರ್ಥನೆ ಮಾಡಬೇಕೆಂದುಕೊಂಡೆ, ಒಂದು ಪದವೂ ನೆನಪಾಗಲಿಲ್ಲ. ಆಗ ಎಡಗಡೆಯಿಂದ ಬಾಣಲೆಯ ಅಂಚಿಗೆ ಜಾಲರಿ ಸೌಟನ್ನು ಕುಟ್ಟಿದ ಸದ್ದು ಕೇಳಿಸಿತು. ಎಣ್ಣೆ ಸೋರಲೆಂದು ಹೆಂಗಸರು ಕುಟ್ಟುತ್ತಾರಲ್ಲ, ಹಾಗೆ. ಅದರ ಹಿಂದೆಯೇ ಸಾರಮ್ಮ ಗುನುಗುವುದು ಕೇಳಿಸಿತು. ಗುಡಿಯಲ್ಲಿ ಹಾಡುವ ಕ್ರಿಸ್‌ಮಸ್ ಹಾಡು. ಒಲೆ ಊದಲು ಹಾಡನ್ನು ನಡುವೆ ನಿಲ್ಲಿಸಿ, ಊದಿ, ಬಿಟ್ಟ ಪದದಿಂದಲೇ ಮತ್ತೆ ಎತ್ತಿಕೊಳ್ಳುವುದು ಅವಳ ರೂಢಿ. ಹಾಗೆಯೇ ನಿಂತಿತು, ಹಾಗೆಯೇ ಶುರುವಾಯಿತು.

ನನಗೆ ಆಶ್ಚರ್ಯವೂ ಆಗಲಿಲ್ಲ, ಭಯವೂ ಆಗಲಿಲ್ಲ. ಇದನ್ನು ಮಾತ್ರ ನೀವು ನಂಬಬೇಕು. ಸೀದಾ ಎದ್ದು ಗೋಡೆ ಸವರುತ್ತಾ ಎಡಕ್ಕೆ ಹೊರಟೆ. ಗಾಳಿಗೆಂದು ಎಂದೋ ಕೊರೆದು ಬಿಟ್ಟಿದ್ದ ಕಿರುದಾರಿಯೊಂದು ಅಲ್ಲಿತ್ತು, ಅರ್ಧ ಕಲ್ಲುಮಣ್ಣು ತುಂಬಿತ್ತು. ಹೊಟ್ಟೆಯ ಮೇಲೆ ತೆವಳಿದೆ. ಹಿಂದೆ ಮುನಿಯಪ್ಪನ ಉಸಿರು ಕೇಳಿಸುತ್ತಿತ್ತು. ನಾವು ಸ್ವಲ್ಪ ದೂರ ಹೋಗಿದ್ದೆವಷ್ಟೇ, ಕೂತಿದ್ದ ಜಾಗದ ಸೂರು ಪೂರಾ ಬಿದ್ದ ಸದ್ದು ಬೆನ್ನಿಗೆ ಬಡಿಯಿತು. ತಿರುಗಿ ನೋಡಲಿಲ್ಲ. ಮುಂದೆ ಜನರ ದೀಪ ಕಂಡಿತು. ದೀಪ ಕಂಡ ಕ್ಷಣಕ್ಕೆ ಹಾಡು ನಿಂತಿತು.

ಮೇಲೆ ಬಂದಾಗ ಹೊತ್ತು ಮುಳುಗುತ್ತಿತ್ತು. ಸುದ್ದಿ ತಿಳಿದು ಹೆಂಗಸರೆಲ್ಲ ಅಲ್ಲಿ ಸೇರಿದ್ದರು. ಸಾರಮ್ಮ ಕಾಣಲಿಲ್ಲ. ಸುರಂಗದೊಳಗೆ ಬಾರದಿದ್ದ ಭಯ ಆಗ ಬಂತು. ಮನೆಗೆ ಓಡಿದೆ. ಪಕ್ಕದ ಮನೆಯ ಕನಕಮ್ಮ ಸಾರಮ್ಮನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದರು.

"ಬೆಳಿಗ್ಗೆ ನೀನು ಓದ ಮೇಲೆ ಮಲಗ್ದೋಳು ಎದ್ದೇ ಇಲ್ಲಪ್ಪ. ಕೆಂಡದಂಗೆ ಜ್ವರ. ಒಲೆ ಕೂಡ ಅಚ್ಚಿಲ್ಲ" ಎಂದರು. ಗಣಿಯ ಸುದ್ದಿಯನ್ನು ಅವಳಿಗೆ ಬೇಕೆಂದೇ ಹೇಳಿರಲಿಲ್ಲವಂತೆ.

ಒಲೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಹಿಟ್ಟಿನ ಪಾತ್ರೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿರಲಿಲ್ಲ. ಸಾರಮ್ಮನನ್ನು ಕೇಳಿದರೆ, ಕನಸು ಕೂಡ ಬೀಳಲಿಲ್ಲ ಎಂದಳು. ನಾನೇ ಒಲೆ ಹಚ್ಚಿ ಗಂಜಿ ಕಾಯಿಸಿದೆ. ಅವಳು ಒಂದೊಂದೇ ಗುಟುಕು ಕುಡಿಯುತ್ತಿದ್ದರೆ ನೋಡುತ್ತಾ ಕೂತೆ. ಆ ಲೋಟ, ಆ ಹೊಗೆ, ಅವಳು ನುಂಗುವ ಸದ್ದು, ಎಲ್ಲವೂ ಯಾರೋ ನನ್ನ ಕೈಗೆ ಹೊಸದಾಗಿ ಕೊಟ್ಟ ಹಾಗಿತ್ತು. ಪಾದ್ರಿಗಳು ಹೇಳುತ್ತಿದ್ದ ಮಾತು ಆ ಸಂಜೆ ಮೊದಲ ಸಲ ನಮ್ಮ ಮನೆಯೊಳಗೆ ಬಂತು. ಇಂದಿಗೂ ಬೆಳಿಗ್ಗೆ ಪಾತ್ರೆಯ ಸದ್ದಾದರೆ ಎದ್ದು ದೇವರಿಗೆ ಸ್ತೋತ್ರ ಎನ್ನುತ್ತೇನೆ.

ಮನಸ್ಸು ತನಗೆ ಪ್ರಿಯವಾದದ್ದನ್ನೇ ಕೇಳಿಸಿಕೊಂಡಿತು ಎಂದರು ಪಾದ್ರಿಗಳು. ಸಂದಿನಲ್ಲಿ ಗಾಳಿ ನುಗ್ಗಿದ ಸದ್ದು ಎಂದರು ಗಣಿಯವರು. ಹಾಗಿದ್ದರೆ ಆ ಕಿರುದಾರಿ ಎಡಕ್ಕಿದೆ ಎಂದು ನನ್ನ ಮನಸ್ಸಿಗೆ ಗೊತ್ತಾದದ್ದು ಹೇಗೆ? ಗಾಳಿಗೆ ಹಾಡು ಕಲಿಸಿದವರು ಯಾರು?

ಮುನಿಯಪ್ಪನಿಗೂ ಕೇಳಿಸಿರಬೇಕು ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಒಂದು ಕ್ರಿಸ್‌ಮಸ್‌ಗೆ ಅವನು ನಮ್ಮ ಮನೆಗೆ ಊಟಕ್ಕೆ ಬಂದಾಗ ಕೇಳಿಯೇಬಿಟ್ಟೆ. ಏನೂ ಕೇಳಿಸಲಿಲ್ಲ ಎಂದ. ಹಾಗಾದರೆ, ಕೂರು ಅಂದವನು ನೀನೇ, ನನ್ನ ಹಿಂದೆ ಯಾಕೆ ಬಂದೆ ಎಂದೆ. ಅವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ:

"ನೀನು ಮನೆಗೆ ಓಗೋನಂಗೆ ಎದ್ದು ಓದೆ ಕಣ್ಲಾ. ಅದ್ಕೇ ಬಂದೆ."