ಕೂದಲಿನ ಮಾತ್ರೆ

ಮೊದಲ ಲಕ್ಷಣ ಯಾವುದು ಎಂದು ಡಾಕ್ಟರು ಕೇಳಿದಾಗ, ಲೋಕಲ್ ರೈಲಿನಲ್ಲಿ ನಿದ್ದೆ ಹೋದದ್ದು ಎಂದೆ. ಡೊಂಬಿವಲಿಯಲ್ಲಿ ಹತ್ತಿದವಳು ವಿಕ್ರೋಳಿಯಲ್ಲಿ ಇಳಿಯದೆ ದಾದರ್‌ವರೆಗೆ ಹೋಗಿದ್ದೆ. ಕೂದಲು ಅದಕ್ಕೂ ಮೊದಲೇ ಉದುರುತ್ತಿತ್ತಂತೆ. ನನಗೆ ನೆನಪಿಲ್ಲ.

ಥೈರಾಯ್ಡ್ ಕೊರತೆ ಹಳೆಯದು. ದಿನಾ ಬೆಳಿಗ್ಗೆ ಒಂದು ಮಾತ್ರೆ. ಈ ಸಲದ ರಿಪೋರ್ಟ್ ತಿರುವುಮುರುವಾಗಿತ್ತು: ಹಾರ್ಮೋನು ಅತಿಯಾಗಿದೆ.

"ಬೇರೆ ಏನಾದರೂ ಔಷಧ ತಗೋತೀರಾ?"

"ಇಲ್ಲ."

ಡಾಕ್ಟರು ಡೋಸ್ ಇಳಿಸಿದರು. ಸುಸ್ತು ಇನ್ನೂ ಹೆಚ್ಚಿತು. ಮುಖ ಊದಿತು. ಮೇ ತಿಂಗಳ ಸೆಕೆಯಲ್ಲಿ ಸ್ವೆಟರ್ ಹಾಕಿಕೊಂಡೆ. ಗಂಡನ ಅಣ್ಣನ ಹೆಂಡತಿ, ನಮ್ಮ ವೈನಿ, ಕೂದಲಿಗೆಂದು ತಂದುಕೊಟ್ಟ ಮಾತ್ರೆಗಳು ಫ್ರಿಜ್ ಮೇಲಿದ್ದವು. ಮೊದಲ ರಿಪೋರ್ಟಿಗೂ ಮುಂಚಿನಿಂದ ದಿನಕ್ಕೊಂದು ನುಂಗುತ್ತಿದ್ದೆ.

"ಔಷಧ ಅಲ್ಲ ತಂಗಿ, ಕೂದಲಿಗಿ ಖುರಾಕ ಅಷ್ಟ. ಒಂದಕ್ಕ ಏನಾಗತೈತಿ, ಎರಡ ನುಂಗು. ಹೆರಳ ಇಲಿ ಬಾಲ ಆಗೇತಿ."

ಎರಡು ನುಂಗಿದೆ.

ಮುಂದಿನ ರಿಪೋರ್ಟ್‌ನಲ್ಲಿ ಹಾರ್ಮೋನು ಮತ್ತೂ ಏರಿತ್ತು. ಥೈರಾಯ್ಡ್ ಮಾತ್ರೆಯನ್ನೇ ನಿಲ್ಲಿಸಿ ಎಂದರು. ಇನ್ನೊಮ್ಮೆ ರಕ್ತ, ಆಮೇಲೆ ಸ್ಕ್ಯಾನ್. ಬಾತ್‌ರೂಮಿಗೆ ಹೋಗಲೂ ಗೋಡೆ ಹಿಡಿಯುತ್ತಿದ್ದೆ. ಇನ್ನು ಏಳುವುದೇ ಇಲ್ಲವೇನೋ ಅನಿಸಿತ್ತು.

ವಿಕ್ರೋಳಿಯ ಲ್ಯಾಬಿನಲ್ಲಿ ನನ್ನ ಕೆಲಸ ಏನೆಂದು ಹೇಳಬೇಕು. ಪ್ರೋಟೀನುಗಳಿಗೆ ಬಯೋಟಿನ್ ಎಂಬ ಪುಟ್ಟ ಗುರುತು ಅಂಟಿಸುತ್ತೇನೆ. ಆ ಗುರುತನ್ನು ಗಟ್ಟಿಯಾಗಿ ಹಿಡಿಯುವ ಇನ್ನೊಂದು ಪ್ರೋಟೀನಿದೆ. ಅದರಿಂದ ನಮಗೆ ಬೇಕಾದ್ದನ್ನು ಹುಡುಕಿ ಅಳೆಯಬಹುದು. ಅಂಟದೆ ಉಳಿದ ಬಯೋಟಿನ್ ಇದ್ದರೆ ಅದೇ ಮೊದಲು ಹೋಗಿ ಸೀಟು ಹಿಡಿಯುತ್ತದೆ, ಅಳತೆ ಸುಳ್ಳಾಗುತ್ತದೆ. ಅದನ್ನು ಮೊದಲು ತೆಗೆದುಹಾಕಿ ಎಂದು ಹೊಸಬರಿಗೆಲ್ಲ ಹೇಳುವವಳು ನಾನೇ. ಥೈರಾಯ್ಡ್ ಟೆಸ್ಟ್‌ಗಳಲ್ಲಿ ಬಹಳಷ್ಟು ನಡೆಯುವುದೂ ಇದೇ ಉಪಾಯದಿಂದ; ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಕಡಿಮೆ ಇರುವ ಹಾರ್ಮೋನೂ ಹೆಚ್ಚಾಗಿ ಕಾಣಬಹುದು.

ವೈನಿಯ ಮಾತ್ರೆ ಬಯೋಟಿನ್.

ಲ್ಯಾಬಿನಲ್ಲಿ ಈ ಕಥೆಯನ್ನು ಹೀಗೆ ಹೇಳಿದೆ: ಮಲಗಿದ್ದಾಗ ನನಗೇ ಥಟ್ಟನೆ ಹೊಳೆಯಿತು. ಹೇಳಿ ಹೇಳಿ ನಂಬಿಯೂಬಿಟ್ಟೆ. ಮನೆಗೆ ಬಂದ ಸಹೋದ್ಯೋಗಿಯ ಮುಂದೆ ಮತ್ತೆ ಶುರು ಮಾಡಿದಾಗ ಗಂಡ ಪ್ರಕಾಶ ಚಹಾದ ಕಪ್ಪು ಕೆಳಗಿಟ್ಟ.

"ನಿನಗೆಲ್ಲಿ ಹೊಳದಿತ್ತ? ಮನಿಗೆ ರಕ್ತ ತಗೊಳ್ಳಾಕ ಬಂದಾಕಿ ಫ್ರಿಜ್ ಮ್ಯಾಲೆ ನೋಡಿ, 'ಮ್ಯಾಡಮ್, ಬಾಲೋಂ ಕಿ ಗೋಲಿ ಲೇತೇ ಹೋ? ಪಹಲೇ ಬಂದ್ ಕರೋ, ರಿಪೋರ್ಟ್ ಗಲತ್ ಆತಾ ಹೈ' ಅಂದ್ಲು. ಕೂದಲಿನ ಮಾತ್ರಿ ತಗೊಂಡ್ರ ರಿಪೋರ್ಟ್ ತಪ್ಪ ಬರ್ತೈತಿ, ಅದನ್ನ ಬಿಟ್ಟ ಮ್ಯಾಲೆ ಟೆಸ್ಟ್ ಮಾಡಸ್ರಿ ಅಂತ. ನೀ ಆಕಿಗೂ 'ಅದು ಔಷಧ ಅಲ್ಲ' ಅಂದಿ."

ಅಂದಿರಬೇಕು. ಆ ಹೆಂಗಸಿನ ಮುಖ ನೆನಪಾಗುತ್ತಿಲ್ಲ. ರಬ್ಬರ್ ಪಟ್ಟಿ ಬಿಗಿದದ್ದು ಮಾತ್ರ ನೆನಪಿದೆ.

ಡಾಕ್ಟರಿಗೆ ಫೋನ್ ಮಾಡಿದ್ದು ಪ್ರಕಾಶ. ವೈನಿಯ ಮಾತ್ರೆ ಬಿಟ್ಟು ಒಂದು ವಾರ ಕಾದ ಮೇಲೆ ನಿಜವಾದ ರಿಪೋರ್ಟ್ ಬಂತು. ಹಾರ್ಮೋನು ತಳ ಸೇರಿತ್ತು. ಕೊನೆಗೂ ನನ್ನ ಸುಸ್ತಿಗೆ ಹೊಂದುವ ರಿಪೋರ್ಟ್ ಬಂತೆಂದು ನಾವಿಬ್ಬರೂ ನಕ್ಕೆವು. ಹಳೆಯ ಮಾತ್ರೆ ಮತ್ತೆ ಶುರುವಾಯಿತು, ಸ್ವಲ್ಪ ಹೆಚ್ಚೇ.

ಈಚೆಗೆ ಮತ್ತೆ ರಕ್ತ ಕೊಡುವಾಗ ಬೇರೆಯವರು ಬಂದರು. ಆವತ್ತು ಬಂದು ಕೂದಲಿನ ಮಾತ್ರೆ ಬಿಡಿ ಎಂದವರಿಗೆ ನನ್ನ ನಮಸ್ಕಾರ ತಿಳಿಸಿ ಎಂದೆ. ಯಾರೆಂದು ಅವರಿಗೆ ಗೊತ್ತಾಗಲಿಲ್ಲ.

ಈ ವಾರ ಲ್ಯಾಬಿನಲ್ಲಿ ಎರಡು ದಿನ ನಿಂತುಕೊಂಡೇ ಕೆಲಸ ಮಾಡಿದೆ. ಮೂರನೆಯ ದಿನ ಸ್ಟೂಲ್ ಎಳೆದುಕೊಂಡೆ.